ಹೋಗಿ ಬರುವ ಗಾಡಿ

ನಾನು ಒಂದು ಗಾಡಿ. ಎಂಥ ಗಾಡಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಕೇಳಿದ ಮೇಲೆ ಮುಖ ಸಿಂಡರಿಸಿಕೊಂಡು ಏಳುವುದು ಬೇಡ. ನಾನು ಹೆಣ ಸಾಗಿಸಿದ ಗಾಡಿ. ಏಳುವವರು ಈಗಲೇ ಏಳಿ. ಕೂತವರು ಪೂರ್ತಿ ಕೇಳಿ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಎಲ್ಲರಿಗೂ ಒಂದೇ ತಗಡು, ಒಂದೇ ಎಂಜಿನ್ನು, ಒಂದೇ ಬಿಳಿ ಬಣ್ಣ. ನನ್ನ ಜೊತೆ ಸಾಲಿನಲ್ಲಿ ನಿಂತಿದ್ದ ಒಡಹುಟ್ಟಿದವರಲ್ಲಿ ಒಬ್ಬ ಹಳದಿ ಬಳಿಸಿಕೊಂಡು ಶಾಲೆಯ ಮಕ್ಕಳನ್ನು ಹೊರಲು ಹೋದ. ಒಬ್ಬ ಹಾಲಿನ ಡೇರಿಗೆ ಹೋದ. ಇನ್ನೊಬ್ಬನ ಹೊಟ್ಟೆಯೊಳಗೆ ಮೆತ್ತನೆಯ ಸೀಟು ಹಾಕಿ ಯಾತ್ರೆಗೆ ಕಳಿಸಿದರು. ನನ್ನನ್ನು ಹುಬ್ಬಳ್ಳಿಯ ಒಂದು ಧರ್ಮಸಂಸ್ಥೆ ಕೊಂಡಿತು. ಅವರು ಹಿಂಬಾಗಿಲ ಕಡೆ ನನ್ನ ನೆಲವನ್ನು ತಗ್ಗಿಸಿ, ಹೊರಕ್ಕೆ ಎಳೆದರೆ ಇಳಿಜಾರಾಗಿ ನಿಲ್ಲುವ ಉಕ್ಕಿನ ಹಲಗೆಯೊಂದನ್ನು ಕೂರಿಸಿದರು. ಕಿಟಕಿಯ ಗಾಜಿಗೆ ಮಬ್ಬು ಹಾಳೆ ಅಂಟಿಸಿದರು. ಎರಡೂ ಮಗ್ಗುಲಿಗೆ ಕಪ್ಪು ಅಕ್ಷರದಲ್ಲಿ ‘ಮುಕ್ತಿ ವಾಹನ’ ಎಂದು ಬರೆಸಿದರು.

ಶೋರೂಮಿನಿಂದ ಹೊರಬಿದ್ದ ದಿನ ನನ್ನ ಪಕ್ಕದ ಕಾರಿಗೆ ಹೂವಿನ ಹಾರ ಏನು, ನಾಲ್ಕೂ ಗಾಲಿಯಡಿ ನಿಂಬೆಹಣ್ಣೇನು, ಪೇಡೆ ಹಂಚಿದ್ದೇನು! ಮನೆಮಂದಿಯೆಲ್ಲ ಅದಕ್ಕೆ ಒರಗಿಕೊಂಡು ಫೋಟೊ ತೆಗೆಸಿಕೊಂಡರು. ನನ್ನ ಮುಂದೆ ಯಾರೋ ಒಬ್ಬರು ಅವಸರದಲ್ಲಿ ಒಂದು ಕಾಯಿ ಒಡೆದು, ಕೈ ಒರೆಸಿಕೊಂಡು, ಹೊರಟುಹೋದರು. ನಿಂಬೆಹಣ್ಣು ಇಡಲಿಲ್ಲ. ಆಗಿನ್ನೂ ಹೊಸಬ, ನನಗೆ ಅಳು ಬಂತು. ಆಮೇಲೆ ಅಳುವುದನ್ನು ಬಿಟ್ಟೆ.

ನನ್ನನ್ನು ಓಡಿಸುತ್ತಿದ್ದವನು ಫಕ್ಕೀರಪ್ಪ. ಒಳ್ಳೆಯವನು, ಆದರೆ ಬಾಯಿಗೆ ಬೀಗ. ಅದು ಆ ಕೆಲಸದ ರೀತಿಯೇ ಹೌದು. ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಕಳಿಸುವವರೂ ‘ಹೋಗಿ ಬರ್ರಿ’ ಅನ್ನುತ್ತಾರೆ. ಪೇಟೆಗೆ ಉಪ್ಪು ತರಲು ಹೋದರೂ ಈ ಮಾತು ಆಡಲೇಬೇಕು. ಆಡಬಾರದ್ದು ಒಂದೇ ಕಡೆ, ಸತ್ತವರ ಮನೆಯಲ್ಲಿ. ಅಲ್ಲಿಂದ ಏಳುವವರು ಹೇಳದೆ ಕೇಳದೆ, ಮುಖ ತಿರುಗಿಸಿಕೊಂಡು ಎದ್ದು ಬರಬೇಕು. ಬರ್ತೀನಿ ಅಂದರೆ ಸಾವನ್ನು ಮತ್ತೆ ಕರೆದ ಹಾಗಂತೆ. ಹಾಗಾಗಿ ನಾನು ಹೊರಟಾಗ ಯಾರೂ ಏನೂ ಅನ್ನುತ್ತಿರಲಿಲ್ಲ. ಬಸ್ಸಿಗೆ ‘ರೈಟ್’ ಅನ್ನುವವರಿದ್ದಾರೆ, ಲಾರಿಗೆ ‘ಹುಷಾರು’ ಅನ್ನುವವರಿದ್ದಾರೆ. ನನಗೆ ಬರೀ ಮೌನ.

ಇಲ್ಲೇ ಒಂದು ಮಾತು ಕೇಳುತ್ತೇನೆ, ಉತ್ತರ ಕೊಡಿ. ಜನರ ಮೇಲೆ ಹರಿದ ಲಾರಿಗೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಬಾಳೆಕಂದು ಕಟ್ಟಿ, ಕುಂಕುಮ ಹಚ್ಚುತ್ತೀರಿ. ಅದು ಕೆಡವಿದವರನ್ನು ಎತ್ತಿಕೊಂಡು ಮನೆ ಮುಟ್ಟಿಸಿದ ನಾನು ಅಪಶಕುನ! ನಾನು ಯಾರನ್ನು ಕೊಂದಿದ್ದೇನೆ? ಒಂದು ಬೆಕ್ಕನ್ನೂ ಕೊಂದವನಲ್ಲ. ಕೂಗಾಡಿ, ಹಾರ್ನ್ ಹೊಡೆದು, ಒಬ್ಬರನ್ನೂ ಬೆದರಿಸಿದವನಲ್ಲ. ಆದರೂ ನಾನು ಎದುರಾದರೆ ಜನ ಎಡಕ್ಕೆ ಉಗುಳುತ್ತಿದ್ದರು. ಉಗುಳಲಿ, ರಸ್ತೆ ಅವರದೇ.

ಆ ದಿನಗಳಲ್ಲಿ ಒಂದು ಮುಂಜಾನೆ ಮಾತ್ರ ನನಗೆ ಮರೆಯಲಾಗಿಲ್ಲ. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಗೆ ಹೋಗಿದ್ದೆವು. ಕಿರಾಣಿ ಅಂಗಡಿಯ ಯಜಮಾನರು ತೀರಿಕೊಂಡಿದ್ದರು. ಫಕ್ಕೀರಪ್ಪ ನನ್ನನ್ನು ಹಿಂದಕ್ಕೆ ತೆಗೆಯುವಾಗ ಓಣಿಯ ಮೂಲೆಗಲ್ಲು ತಾಗಿ ನನ್ನ ಎಡ ಮಗ್ಗುಲಲ್ಲಿ ತಗ್ಗು ಬಿತ್ತು. ಯಜಮಾನರನ್ನು ಒಳಗೆ ಮಲಗಿಸಿದರು, ಗಂಡಸರು ಹತ್ತಿದರು. ಹೆಂಗಸರು ಸುಡುಗಾಡಿಗೆ ಬರಬಾರದು. ಅವರು ಓಣಿಯ ಬಾಯಿಯವರೆಗೆ ಬಂದು ನಿಂತರು. ಆಗ ಯಜಮಾನರ ಹೆಂಡತಿ ಮುಂದೆ ಬಂದು ನನ್ನ ಹಿಂಬಾಗಿಲ ಮೇಲೆ ಅಂಗೈ ಊರಿ, ‘ಹೋಗಿ ಬರ್ರಿ’ ಅಂದುಬಿಟ್ಟಳು. ಮದುವೆಯಾದಾಗಿನಿಂದ ದಿನಾ ಗಂಡ ಅಂಗಡಿಗೆ ಹೊರಟಾಗ ಅಂದ ಮಾತು ಅದು, ಬಾಯಿ ತಾನಾಗಿ ಅಂದಿತ್ತು. ‘ಯವ್ವಾ, ಏನಂತೀಬೇ!’ ಎಂದು ಮಗ ಒಳಗಿನಿಂದ ಹಾರಿ ಬಂದು ಆ ಕೈಯನ್ನು ಕಿತ್ತು ತೆಗೆದ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದಳು. ಅಲ್ಲಿಯವರೆಗೆ ನನ್ನ ಬಾಗಿಲ ಮುಂದೆ ಆ ಮಾತು ಆಡಿದವಳು ಆಕೆಯೊಬ್ಬಳೇ. ದಾರಿಯುದ್ದಕ್ಕೂ ಅದು ನನ್ನ ತಗಡಿನಲ್ಲಿ ಗುಂಯ್‌ಗುಟ್ಟಿತು.

ವರ್ಷಗಳು ಉರುಳಿದವು. ಧರ್ಮಸಂಸ್ಥೆಗೆ ತಣ್ಣನೆಯ ಪೆಟ್ಟಿಗೆಯಿರುವ ಹೊಸ ಗಾಡಿ ಬಂತು. ಫಕ್ಕೀರಪ್ಪ ಊರಿಗೆ ಹೋದ. ನನ್ನನ್ನು ಬೈಪಾಸ್ ಪಕ್ಕದಲ್ಲಿ ಹಳೇ ಗಾಡಿ ಮಾರುವ ದಾದಾಪೀರನ ಅಂಗಳಕ್ಕೆ ತಂದು ಬಿಟ್ಟರು. ಅವನು ನನ್ನ ಹೆಸರಿನ ಮೇಲೆ ತೆಳ್ಳಗೆ ಬಿಳಿ ಬಣ್ಣ ಬಳಿದು, ಬೇವಿನ ಮರದ ಹಿಂದೆ ನಿಲ್ಲಿಸಿದ. ಬಂದವರು ನನ್ನ ಅಗಲ ನೋಡಿ ಖುಷಿಪಡುತ್ತಿದ್ದರು, ಎಂಜಿನ್ ಶಬ್ದ ಕೇಳಿ ತಲೆದೂಗುತ್ತಿದ್ದರು, ಆಮೇಲೆ ಯಾರೋ ಕಿವಿಯಲ್ಲಿ ಒಂದು ಮಾತು ಊದುತ್ತಿದ್ದರು. ಅಷ್ಟೇ, ವ್ಯಾಪಾರ ಮುಗಿಯಿತು.

ಅಂಥಲ್ಲಿಗೆ ಬಂದಳು ನೋಡಿ ಶಕುಂತಲಕ್ಕ. ಅಡ್ಡಹೆಸರು ಮೆಣಸಿನಕಾಯಿ, ನಾಲಿಗೆಯೂ ಅದೇ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸೇರಿ, ಅದೇ ದಾರಿಯಲ್ಲಿ ಹೋಗಿ ಬಂದು, ಅದೇ ದಾರಿಯಲ್ಲೇ ನಿವೃತ್ತಿಯಾದವಳು. ಮದುವೆ ಮಾಡಿಕೊಂಡಿರಲಿಲ್ಲ, ಅದರ ಬಗ್ಗೆ ಕೇಳಿದವರಿಗೆ ಚಿಲ್ಲರೆ ಇಲ್ಲ ಮುಂದೆ ಹೋಗಿ ಅನ್ನುತ್ತಿದ್ದಳು. ಅವಳ ಪಕ್ಕದಲ್ಲಿ ಒಂದು ಕಂದು ನಾಯಿ. ಡಿಪೊದಲ್ಲಿ ಹುಟ್ಟಿದ್ದು, ಪಾಸು ಇದ್ದವರ ಹಾಗೆ ಎಲ್ಲ ಬಸ್ಸಿನಡಿ ಬಿಟ್ಟಿ ಓಡಾಡುತ್ತಿತ್ತೆಂದು ಡಿಪೊದವರು ಇಟ್ಟ ಹೆಸರು ಪಾಸ್ಯಾ. ಹೆಸರು ಪಾಸ್ಯಾ ಆದರೂ ಒಂದು ದಿನವೂ ಬಸ್ಸು ಹತ್ತಿದ್ದಿಲ್ಲ. ನಾಯಿಗೆ ಬಸ್ಸಿನಲ್ಲಿ ಜಾಗವಿಲ್ಲ. ಅವಳ ಬಸ್ಸು ಹೊರಟಾಗ ಗೇಟಿನವರೆಗೆ ಓಡಿ ಬಂದು ನಿಲ್ಲುವುದು, ತಿರುಗಿ ಬಂದಾಗ ಬಾಲ ಬಡಿಯುವುದು, ಇಷ್ಟೇ ಅದರ ಜೀವನವಾಗಿತ್ತು.

ನಿವೃತ್ತಿಯ ದಿನ ಅದನ್ನು ಮನೆಗೆ ಕರೆದುಕೊಂಡು ಬಂದಳು. ಈಗ ಅದಕ್ಕೆ ವಯಸ್ಸಾಗಿತ್ತು, ಹಿಂಗಾಲು ಸೋಲುತ್ತಿದ್ದವು. ಇನ್ನು ಬಹಳ ದಿನ ನಡೆಯಲಿಕ್ಕಿಲ್ಲ ಎಂದು ದನದ ಡಾಕ್ಟರು ಹೇಳಿದ್ದರು. ಆ ಮಾತು ಕೇಳಿದ ಮೇಲೆಯೇ ಶಕುಂತಲಕ್ಕ ಡ್ರೈವಿಂಗ್ ಕಲಿಯಲು ಹೋದದ್ದು. ಬೀದರ, ವಿಜಯಪುರ, ಕಾರವಾರ ಎಂದು ಬೋರ್ಡು ಹಾಕಿಕೊಂಡ ಬಸ್ಸುಗಳನ್ನು ಇಬ್ಬರೂ ಬದುಕಿಡೀ ನಿಂತು ನೋಡಿದವರು. ಪಾಸ್ಯಾನ ಕಾಲು ಇರುವಷ್ಟರಲ್ಲಿ ಆ ಬೋರ್ಡಿನ ಊರುಗಳನ್ನು ಅವನಿಗೂ ತೋರಿಸಿ ತಾನೂ ನೋಡಬೇಕು, ಅದಕ್ಕೆ ಒಳಗೇ ಮಲಗಿ ಏಳಬಹುದಾದ ದೊಡ್ಡ ಗಾಡಿ ಬೇಕು, ಇದು ಅವಳ ಹಟ.

ದಾದಾಪೀರ್ ಉತ್ಸಾಹದಿಂದ ಒಂದು ಜೀಪು ತೋರಿಸಿದ. ಎಂಜಿನ್, ಟೈರು, ಎಷ್ಟು ಓಡಿದೆ ಎಂದೆಲ್ಲ ಶುರು ಮಾಡಿದ. ಶಕುಂತಲಕ್ಕ ಕೈ ಅಡ್ಡ ಹಿಡಿದಳು.

“ಅದೆಲ್ಲಾ ಡ್ರೈವರನ ತಲಿಬ್ಯಾನಿ. ನಾ ಕಂಡಕ್ಟರ್. ಹತ್ತೂದು, ಇಳಿಯೂದು ಹೆಂಗೈತಿ ಅಷ್ಟ ತೋರಿಸು.”

“ಅಕ್ಕಾರ, ಗಾಡಿ ತೊಗೊಳ್ಳೋರು ಬಾನೆಟ್ ಎತ್ತಿ ನೋಡ್ತಾರ್ರಿ.”

“ಪಾಸ್ಯಾ ಬಾನೆಟ್ಟಿನ ಮ್ಯಾಲ ಕುಂದರೂದಿಲ್ಲಪಾ.”

ನಾಯಿಯನ್ನು ಬಿಟ್ಟಳು. ಪಾಸ್ಯಾ ಜೀಪಿಗೆ ಮುಂಗಾಲು ಇಟ್ಟ, ಹಿಂಗಾಲು ಏಳಲಿಲ್ಲ, ಜಾರಿ ಕೆಳಗೆ ಕೂತ. ಟೆಂಪೊದ ಮೆಟ್ಟಿಲು ಎತ್ತರ. ಶಾಲೆಯ ಹಳೇ ಬಸ್ಸಿನ ಬಾಗಿಲು ಇಕ್ಕಟ್ಟು. ಒಂದು ಕಡೆ ಅವಳೇ ಅವನನ್ನು ಎತ್ತಿ ಹತ್ತಿಸಲು ಹೋಗಿ, ಸೊಂಟ ಹಿಡಿದುಕೊಂಡು, “ಸುಟ್ಟ ಬರ್ಲಿ” ಎಂದು ಆ ಗಾಡಿಗೆ ಬೈದಳು. ಪಾಸ್ಯಾ ಅಂಗಳದ ನಡುವೆ ತಲೆತಗ್ಗಿಸಿ ನಿಂತ. ತನ್ನಿಂದಾಗದು ಎಂಬ ನಾಚಿಕೆ ನಾಯಿಗೂ ಇರುತ್ತದೆ, ನಾನು ಕಣ್ಣಾರೆ ಕಂಡೆ.

ಆಮೇಲೆ ಅವನು ಬೇವಿನ ಮರ ಮೂಸಲು ಈ ಕಡೆ ಬಂದ. ನನ್ನ ಹಿಂಬಾಗಿಲು ತೆರೆದೇ ಇತ್ತು, ಹಲಗೆ ಹೊರಗೆ ಚಾಚಿತ್ತು. ಪಾಸ್ಯಾ ಅದನ್ನು ಮೂಸಿದ. ಬಹಳ ಹೊತ್ತು ಮೂಸಿದ. ನನಗೆ ಭಯವಾಯಿತು, ನನ್ನೊಳಗಿನ ವಾಸನೆ ಮನುಷ್ಯರಿಗೆ ತಿಳಿಯದಿದ್ದರೂ ನಾಯಿಗೆ ತಿಳಿಯುತ್ತದಲ್ಲ. ಈಗ ಬಾಲ ಮಡಚಿಕೊಂಡು ಓಡುತ್ತಾನೆ ಅಂದುಕೊಂಡೆ. ಅವನು ಓಡಲಿಲ್ಲ. ಒಂದೊಂದೇ ಕಾಲು ಇಡುತ್ತ, ಯಾರ ಸಹಾಯವೂ ಇಲ್ಲದೆ ಹಲಗೆ ಹತ್ತಿ ಬಂದ. ಒಳಗೆ ಒಂದು ಸುತ್ತು ಸುತ್ತಿ, ಉಸ್ಸೆಂದು ಮಲಗಿದ. ನನ್ನೊಳಗೆ ತಾನಾಗಿ ನಡೆದು ಬಂದು ಮಲಗಿದ ಮೊದಲ ಜೀವ ಅವನು.

“ಇದಾ ಆತು ನೋಡು!” ಎಂದು ಶಕುಂತಲಕ್ಕ ಕೂಗಿದಳು.

ದಾದಾಪೀರ್ ಓಡಿ ಬಂದ. ಸುಳ್ಳು ಹೇಳಿ ಮಾರಬಹುದಿತ್ತು, ಪುಣ್ಯಾತ್ಮ ಹೇಳಲಿಲ್ಲ. “ಅದು ಬ್ಯಾಡ್ರಿ ಅಕ್ಕಾರ. ಅದು… ಹೆಣದ ಗಾಡಿ ಇತ್ರಿ. ನೀವು ಒಬ್ಬಾಕಿ ಇರೋರು, ಒಳಗ ಮಕ್ಕೊಳ್ಳೋರು. ನನಗ ಪಾಪ ಬ್ಯಾಡ್ರಿ.”

ಶಕುಂತಲಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನಗೆ ಇನ್ನೊಂದು ಸಲ ಬಾಗಿಲು ಮುಚ್ಚಿಸಿಕೊಳ್ಳುವ ತಯಾರಿ.

“ಎಲ್ಲಾರನ್ನೂ ಅವರವರ ಸ್ಟಾಪಿಗೆ ಮುಟ್ಟಿಸೇತಿ ಹೌದಲ್ಲೊ? ಯಾರನ್ನಾರ ಅರ್ಧ ದಾರ್ಯಾಗ ಇಳಿಸೇತೇನು?”

“ಇಲ್ಲರಿ…”

“ಹಂಗಾರ ಇದು ಚಲೋ ಗಾಡಿ. ಬರೀ ಗಾಡಿ ಓಡಿಸಿದವರಿಗೆ ತಿಳಿಯೂದಿಲ್ಲ ಬಿಡು. ಕೊಡು ಚಾವಿ.”

ನನ್ನನ್ನು ‘ಚಲೋ ಗಾಡಿ’ ಎಂದು ಯಾರೂ ಅಂದಿರಲಿಲ್ಲ. ಯಾರೂ! ಅವಳು ನಾಲ್ಕು ನಿಂಬೆಹಣ್ಣು ತರಿಸಿ ನನ್ನ ಗಾಲಿಗಳ ಅಡಿಗೆ ಇಟ್ಟಳು. ಒಂದನ್ನು ಪಾಸ್ಯಾ ಕಚ್ಚಿಕೊಂಡು ಹೋದ, ಅದಿರಲಿ. ಆಮೇಲೆ ಶಕುಂತಲಕ್ಕ ಹಿಂಬಾಗಿಲಿಂದ ಹತ್ತಿ, ಪಾಸ್ಯಾನ ಪಕ್ಕ ನಿಂತು, ಬಾಗಿಲು ಹಾಕಿಕೊಂಡು, ನನ್ನ ಮಗ್ಗುಲಿಗೆ ಅಂಗೈಯಿಂದ ಎರಡು ಸಲ ಬಡಿದು “ರೈಟ್!” ಅಂದಳು. ಕೂತಳು. ಕಾದಳು. ನಾನು ಕದಲಲಿಲ್ಲ. ಮತ್ತೆ ಬಡಿದಳು, “ರೈಟ್, ರೈಟ್!”

ಹೊರಗಿನಿಂದ ದಾದಾಪೀರ್ ಮೆಲ್ಲಗೆ ಕೇಳಿದ. “ಅಕ್ಕಾರ, ಡ್ರೈವರ್ ಯಾರ್ರಿ?”

ಆಮೇಲೆ ಶಕುಂತಲಕ್ಕ ನಕ್ಕ ನಗು ನನ್ನ ಮಬ್ಬು ಗಾಜುಗಳನ್ನೆಲ್ಲ ಅದುರಿಸಿತು. ಸತ್ತವರ ಗಾಡಿಯೊಳಗೆ ಒಬ್ಬರು ಹೊಟ್ಟೆ ಹಿಡಿದುಕೊಂಡು ನಗುವುದು ಹೇಗಿರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅವಳ ಮನೆಯಿರುವ ಓಣಿಗೆ ತಿರುಗಿದಾಗ ನನಗೆ ಜಾಗದ ಗುರುತು ಸಿಕ್ಕಿತು. ಅದೇ ಇಕ್ಕಟ್ಟು, ಅದೇ ಮೂಲೆಗಲ್ಲು, ಅದೇ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ಅಂದು ತಾಯಿಯ ಕೈ ಕಿತ್ತು ತೆಗೆದ ಮಗ, ಪರಸಪ್ಪ. ಶಕುಂತಲಕ್ಕ ಈ ಓಣಿಗೆ ಬಂದದ್ದು ನಿವೃತ್ತಿಯ ನಂತರ, ಅವಳಿಗೆ ಈ ಹಳೆಯ ಕಥೆ ಗೊತ್ತಿರಲಿಲ್ಲ. ಕೆಲವು ದಿನ ಯಾರಿಗೂ ನನ್ನ ಗುರುತು ಸಿಗಲಿಲ್ಲ. ಅವಳು ಮಬ್ಬು ಹಾಳೆ ಕಿತ್ತು ಗಾಜು ತೊಳೆದಳು. ಕಿಟಕಿಯ ಪಕ್ಕ ಒಂದು ಬೆಂಚು ಹೊಡೆಸಿದಳು, ಗೋಡೆಗೆ ಸ್ಟೋವ್ ಇಡುವ ಹಲಗೆ, ಪಾಸ್ಯಾನಿಗೆ ಹಳೇ ಕಂಬಳಿ. ಒಂದು ಮಧ್ಯಾಹ್ನ ಪರಸಪ್ಪ ನನ್ನ ಪಕ್ಕ ಹಾದುಹೋಗುವಾಗ ಎಡ ಮಗ್ಗುಲಿನ ತಗ್ಗು ನೋಡಿದ, ಮೂಲೆಗಲ್ಲು ನೋಡಿದ, ಮತ್ತೆ ತಗ್ಗು ನೋಡಿದ. ತೆಳ್ಳಗಿನ ಬಣ್ಣದಡಿ ‘ಮುಕ್ತಿ’ ಎಂಬುದು ಬಿಸಿಲಿಗೆ ಕಾಣುತ್ತಿತ್ತು.

“ಇದು ನಮ್ಮಪ್ಪನ್ನ ಒಯ್ದ ಗಾಡಿ!” ಎಂದು ಚೀರಿದ.

ಅಂದಿನಿಂದ ಓಣಿಯಲ್ಲಿ ನನ್ನದೇ ಮಾತು. ಯಾರದೋ ಮಗುವಿಗೆ ಜ್ವರ ಬಂದರೆ ನಾನು ಕಾರಣ, ಯಾರದೋ ಹಾಲು ಒಡೆದರೆ ನಾನು ಕಾರಣ. ಬಾಗಿಲು ಬಾಗಿಲಿಗೆ ಲಿಂಬೆ-ಮೆಣಸಿನಕಾಯಿ ಕಟ್ಟಿದರು. ಅವಳ ಬಾಡಿಗೆ ಮನೆಯ ಮಾಲಕರನ್ನೂ ಪರಸಪ್ಪ ಎತ್ತಿಕಟ್ಟಿದ. ಕೊನೆಗೆ ಹಿರಿಯರೆಲ್ಲ ಸೇರಿ ಶಕುಂತಲಕ್ಕನಿಗೆ ಹೇಳಿದರು: ಗಾಡಿ ಇಟ್ಟುಕೊಂಡರೆ ಮನೆ ಬಿಡಬೇಕು, ಮನೆ ಬೇಕಾದರೆ ಗಾಡಿ ಬಿಡಬೇಕು. ತಿರುಗಾಡಲು ತೆಗೆದುಕೊಂಡು ಹೋಗುವುದಾದರೆ ಹೋಗಲಿ, ಆದರೆ ಈ ಓಣಿಗೆ ಅದು ಮತ್ತೆ ಬರಕೂಡದು.

ಎಲ್ಲರೂ ಹೀಗಿರಲಿಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು. ಮಗ ಅಂಗಡಿಯಲ್ಲಿ ಕೂತು ನನ್ನನ್ನು ಬೈಯುತ್ತಿದ್ದಾಗ ತಾಯಿ ತುಳಸವ್ವ ಹಿತ್ತಲ ಬಾಗಿಲಿಂದ ಕೋಲೂರಿಕೊಂಡು ಬಂದು ಪಾಸ್ಯಾನಿಗೆ ರೊಟ್ಟಿಯ ಚೂರು ಹಾಕುತ್ತಿದ್ದಳು. ಹೋಗುವಾಗ ನನ್ನ ಹಿಂಬಾಗಿಲನ್ನು ಒಮ್ಮೆ ಮುಟ್ಟುತ್ತಿದ್ದಳು. ಅಂಗೈ ಪೂರ್ತಿ ಊರುತ್ತಿರಲಿಲ್ಲ, ಬೆರಳ ತುದಿ ಮಾತ್ರ.

ಶಕುಂತಲಕ್ಕ ಹೊರಡುವ ದಿನ ನಿಶ್ಚಯಿಸಿದಳು. ಪಾಸ್ಯಾನ ನಡಿಗೆ ದಿನದಿನಕ್ಕೆ ಕೆಡುತ್ತಿತ್ತು, ಇನ್ನು ಕಾಯುವಂತಿರಲಿಲ್ಲ. ಬೆಳಿಗ್ಗೆ ಅಕ್ಕಿ, ಬೇಳೆ, ನೀರಿನ ಕೊಡ ಎಲ್ಲ ಏರಿಸಿ, ಪಾಸ್ಯಾನನ್ನು ಹತ್ತಿಸಿ, ಈ ಸಲ ಮರೆಯದೆ ಮುಂದಿನ ಸೀಟಿನಲ್ಲೇ ಕೂತಳು. ಓಣಿಯ ಬಾಯಿಗೆ ಬಂದರೆ ಪರಸಪ್ಪ ತನ್ನ ಸ್ಕೂಟರನ್ನು ಅಡ್ಡ ನಿಲ್ಲಿಸಿದ್ದಾನೆ. ಹಿಂದೆ ನಾಲ್ಕು ಜನ.

“ಅಕ್ಕಾರ, ಹೊಂಟೀರಿ, ಹೋಗ್ರಿ. ಗಾಡಿ ಮಾತ್ರ ತಿರುಗಿ ತರೂದಿಲ್ಲಂತ ಮಾತು ಕೊಟ್ಟು ಹೋಗ್ರಿ.”

ಶಕುಂತಲಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಬಸ್‌ಸ್ಟ್ಯಾಂಡಿನ ಆ ಮೂಲೆಗೆ ಕೇಳುವ ಕಂಡಕ್ಟರ್ ಗಂಟಲು ಅದು.

“ಕೇಳ್ರಿ ಎಲ್ಲಾರೂ! ಹೋಗಿ ಬರ್ತೀನಿ! ನಾನೂ ಬರ್ತೀನಿ, ನನ್ನ ನಾಯಿನೂ ಬರತೈತಿ, ಈ ಗಾಡಿನೂ ಬರತೈತಿ!”

ಹೆಣದ ಗಾಡಿಯ ಒಳಗಿನಿಂದ ‘ಹೋಗಿ ಬರ್ತೀನಿ’! ನೋಡುತ್ತ ನಿಂತಿದ್ದ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡಳು. ಪರಸಪ್ಪನ ಕಣ್ಣು ಕೆಂಪಗಾಯಿತು. “ನಾಲಿಗಿ ಹಿಡದು ಮಾತಾಡ್ರಿ! ಎಂಥಾ ಗಾಡ್ಯಾಗ ಕುಂತು ಎಂಥಾ ಮಾತು!” ಎಂದು ಸ್ಕೂಟರಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತ.

“ಪರಸ್ಯಾ, ಸ್ಕೂಟರ್ ತೆಗಿ.”

ತುಳಸವ್ವ. ಇಳಕಲ್ ಸೀರೆ ಉಟ್ಟುಕೊಂಡು, ಕಂಕುಳಲ್ಲಿ ಒಂದು ಬಟ್ಟೆಗಂಟು ಇರುಕಿಕೊಂಡು ಬರುತ್ತಿದ್ದಳು.

“ಯವ್ವಾ, ನೀ ಒಳಗ ನಡಿಬೇ.”

“ನಿಮ್ಮಪ್ಪ ಹೋಗೂ ಮುಂದ ಇದಾ ಜಾಗಾದಾಗ ನನ್ನ ಕೈ ತೆಗಿಸಿದಿ. ಹೋಗಿ ಬರ್ರಿ ಅಂದೆ ಅಂತ ಮಂದಿಯೆಲ್ಲಾ ನನ್ನ ಮಾರಿ ನೋಡಿದ್ರು. ನಾ ಏನ್ ಬೇಕಂತ ಅಂದಿದ್ನೇನು? ದಿನಾ ಅಂದಾಕಿ, ಅವತ್ತೂ ಅಂದೆ. ಅವತ್ತಿನಿಂದ ಒಂದು ದಿನಾನಾದ್ರೂ ನನ್ನ ಕೇಳಿದೇನು, ಯಾಕ ಅಂದಿಬೇ ಅಂತ?” ತುಳಸವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. “ಇವತ್ತು ನಾ ಈ ಗಾಡಿ ಹತ್ತಾಕಿ.”

“ಜೀವಂತ ಇರೋರು ಅದರಾಗ ಹತ್ತತಾರೇನಬೇ!”

“ಹೆಂಗೂ ಒಂದಿನ ಇದರಾಗ ಮಕ್ಕೊಂಡು ಹೋಗೂದು ಐತಿ. ಈಗ ಕುಂತು ಹೋಗ್ತೀನಿ. ಹೆಂಗಿರತೈತಿ ನೋಡೂಣ.”

“ಮಂದಿ ಏನಂದಾರು?”

“ಅನ್ನವಲ್ಲರ್ಯಾಕ. ಈಗ ಅಂದ್ರ ನನಗ ಕೇಳಸ್ತೈತಿ. ಸತ್ತ ಮ್ಯಾಲ ಅಂದ್ರ ಯಾರಿಗೆ ಬಂತು?”

ಆಕೆ ಹಿಂದಕ್ಕೆ ಬಂದಳು. ಶಕುಂತಲಕ್ಕ ಓಡಿ ಬಂದು ಬಾಗಿಲು ತೆಗೆದು ಹಲಗೆ ಎಳೆದಳು. ನಾಯಿಗೆ ಅನುಕೂಲವಾದ ಇಳಿಜಾರು ಮುದುಕಿಗೂ ಅನುಕೂಲವಾಯಿತು. ತುಳಸವ್ವ ಕೋಲೂರಿ ಹತ್ತಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಇಡೀ ಓಣಿಯನ್ನು ನೋಡಿದಳು. ಪಾಸ್ಯಾ ಅವಳ ಪಾದದ ಮೇಲೆ ಗದ್ದ ಇಟ್ಟ. ಪರಸಪ್ಪ ಸ್ಕೂಟರ್ ತೆಗೆದ.

“ರೈಟ್!” ಎಂದು ತುಳಸವ್ವನೇ ಅಂದಳು.

ನವಲಗುಂದದವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮರಳುತ್ತೇನೆ ಎಂದು ಅವಳು ಮೊದಲೇ ಕರಾರು ಮಾಡಿದ್ದಳು. ನವಲಗುಂದ ಬಂತು. “ನವಲಗುಂದ, ನವಲಗುಂದ! ಇಳಿಯೋರು ಇಳೀರಿ!” ಎಂದು ಶಕುಂತಲಕ್ಕ ಕೂಗಿದಳು. ತುಳಸವ್ವ ಕಿವಿ ಕೇಳದವಳ ಹಾಗೆ ಹೊರಗೆ ನೋಡುತ್ತ ಕೂತಳು. ಇನ್ನೊಮ್ಮೆ ಕೂಗಿದಾಗ, “ಮುಂದಿನ ಊರಿಗೆ ಟಿಕೀಟು ಹರಿಯವಾ” ಅಂದಳು. ಹೀಗೆ ಅವಳ ಟಿಕೀಟು ಮುಂದೆ ಮುಂದೆ ಹರಿಯುತ್ತ ವಿಜಯಪುರ ದಾಟಿತು, ಕಲಬುರಗಿ ದಾಟಿತು, ಬೀದರ ಮುಟ್ಟಿತು. ಲಾಡ್ಜಿನವರು ನಾಯಿಗೆ ಜಾಗವಿಲ್ಲ ಅನ್ನುತ್ತಿದ್ದರು. ಬೇಡ ನಿಮ್ಮ ಜಾಗ! ಪೆಟ್ರೋಲ್ ಬಂಕಿನ ಪಕ್ಕ, ಮರದ ಕೆಳಗೆ, ಕೆರೆಯ ಏರಿಯ ಮೇಲೆ ನಾವು ನಿಂತೆವು. ಅವರು ನನ್ನೊಳಗೆ ಸಾರು ಕುದಿಸಿದರು, ಜಗಳಾಡಿದರು, ಗೊರಕೆ ಹೊಡೆದರು. ಗೊರಕೆಯ ಸದ್ದು ಎಷ್ಟು ಚೆಂದ ಎಂಬುದು ನಿಮಗೆ ತಿಳಿಯಲಿಕ್ಕಿಲ್ಲ, ನಿಮ್ಮೊಳಗೆ ಸದ್ದಿಲ್ಲದವರು ಮಲಗಿಲ್ಲವಲ್ಲ. ಪಾಸ್ಯಾ ಪ್ರತಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿನ ನಾಯಿಗಳ ಮುಂದೆ ಬಾಲ ಎತ್ತಿಕೊಂಡು ನಡೆದು, ತನ್ನ ಸ್ವಂತ ಗಾಡಿಯನ್ನು ತಾನೇ ಹತ್ತಿದ.

ತಿರುಗಿ ಬಂದಾಗ ಪರಸಪ್ಪ ಓಣಿಯ ಬಾಯಲ್ಲೇ ನಿಂತಿದ್ದ. ಗಡ್ಡ ಬೆಳೆದಿತ್ತು, ದಿನಾ ಅಲ್ಲಿ ಬಂದು ನಿಲ್ಲುತ್ತಿದ್ದನಂತೆ. ತುಳಸವ್ವ ಹಲಗೆಯ ಮೇಲೆ ನಿಧಾನವಾಗಿ ಇಳಿದು ಅವನ ಮುಂದೆ ನಿಂತಳು. “ಬಂದೆ ನೋಡಪಾ. ಈ ಗಾಡಿ ತಿರುಗಿನೂ ತರತೈತಿ” ಅಂದಳು. ಅವನು ತಾಯಿಯ ಗಂಟು ತೆಗೆದುಕೊಂಡ, ನನ್ನನ್ನು ನೋಡಲಿಲ್ಲ. ಮನೆ ಬಿಡಿ ಎಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ; ತುಳಸವ್ವ ಕೂತು ಬಂದ ಗಾಡಿಗೆ ಏನನ್ನುವುದು ಎಂದು ಅವರಿಗೆ ತೋಚಲಿಲ್ಲ. ಹಾಗಂತ ಓಣಿ ನನ್ನನ್ನು ಅಪ್ಪಿಕೊಂಡಿತು ಅಂದುಕೊಳ್ಳಬೇಡಿ. ಲಿಂಬೆ-ಮೆಣಸಿನಕಾಯಿ ಹಾಗೇ ತೂಗುತ್ತಿದ್ದವು. ನಾವೂ ಹಾಗೇ ಹೋಗಿ ಬರುತ್ತಿದ್ದೆವು.

ಕಾರವಾರದ ದಾರಿಯಲ್ಲಿ, ಯಲ್ಲಾಪುರದ ಆಚೆ, ಪಾಸ್ಯಾ ಹೋದ. ಬೆಳಿಗ್ಗೆ ಕಿಟಕಿಯಿಂದ ಗಾಳಿ ಮೂಸುತ್ತ ಮಲಗಿದ್ದ, ಹಾಗೇ ತಲೆ ವಾಲಿಸಿದ. ಅಷ್ಟೊಂದು ಸತ್ತವರನ್ನು ಹೊತ್ತ ನನ್ನೊಳಗೆ ಸತ್ತ ಒಂದೇ ಜೀವ ಅದು. ಶಕುಂತಲಕ್ಕ ನನ್ನನ್ನು ಬದಿಗೆ ನಿಲ್ಲಿಸಿ, ಹಲಗೆಯ ಮೇಲೆ ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ಅಳು ಬಿಟ್ಟಿದ್ದೇನೆ ಅಂದಿದ್ದೆನಲ್ಲ, ಆವತ್ತು ಅತ್ತೆ. ಅಲ್ಲೇ ಹತ್ತಿರದ ಟೀ ಅಂಗಡಿಯವನು ತನ್ನ ಹಿತ್ತಲಲ್ಲಿ ಜಾಗ ಕೊಟ್ಟ, ಗುದ್ದಲಿಯನ್ನೂ ಕೊಟ್ಟ. ಮಣ್ಣು ಮುಚ್ಚಿದ ಮೇಲೆ ಎದ್ದು ಬರುವಾಗ ಅವಳು ಮುಖ ತಿರುಗಿಸಲಿಲ್ಲ. “ಬರ್ತೀನೋ ಪಾಸ್ಯಾ” ಅಂದಳು. ಟೀ ಅಂಗಡಿಯವನು ಬೆಚ್ಚಿದ. ಆದರೆ ನಾವು ಕಾರವಾರ ನೋಡಿ ಬಂದೆವು, ಬರುವಾಗ ಅಲ್ಲಿ ನಿಂತೆವು. ಆಮೇಲೆ ಆ ಕಡೆ ಹೋದಾಗಲೆಲ್ಲ ನಿಂತೆವು.

ಒಂದು ಚಳಿಗಾಲದ ಬೆಳಿಗ್ಗೆ ಪರಸಪ್ಪ ಬರಿಗಾಲಲ್ಲಿ ಶಕುಂತಲಕ್ಕನ ಬಾಗಿಲಿಗೆ ಬಂದ. ನನ್ನ ಪಕ್ಕದಲ್ಲೇ ನಿಂತಿದ್ದ, ಅವನ ಉಸಿರು ನನ್ನ ಗಾಜಿಗೆ ತಾಗುತ್ತಿತ್ತು.

“ಅಕ್ಕಾರ, ಅವ್ವ ಹ್ವಾದ್ಳು.” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಬ್ಯಾರೆ ಗಾಡಿ ತರಸಬ್ಯಾಡಂತ ಹೇಳಿದ್ದಳ್ರಿ. ಅದರಾಗ ನನ್ನ ಸೀಟೈತಿ ಅಂದಿದ್ಳು.”

ಶಕುಂತಲಕ್ಕ ಏನೂ ಕೇಳದೆ ಚಾವಿ ತೆಗೆದುಕೊಂಡು ಬಂದಳು. ತುಳಸವ್ವನನ್ನು ಅದೇ ಇಳಿಜಾರಿನ ಮೇಲಿಂದ ಒಳಗೆ ತಂದರು, ಅವಳು ಕೂರುತ್ತಿದ್ದ ಬೆಂಚಿನ ಪಕ್ಕ ಮಲಗಿಸಿದರು. ಹಗುರವಾಗಿದ್ದಳು. ಓಣಿಯ ಬಾಯಿಗೆ ಬಂದಾಗ ಹೆಂಗಸರು ರೂಢಿಯಂತೆ ನಿಂತರು. ಶಕುಂತಲಕ್ಕ ನನ್ನನ್ನು ನಿಲ್ಲಿಸಿ, ಇಳಿದು ಬಂದು ಹಿಂಬಾಗಿಲು ಪೂರ್ತಿ ತೆರೆದಳು.

“ಹತ್ತೋರು ಹತ್ತ್ರೆವ್ವಾ. ಈ ಗಾಡ್ಯಾಗ ಹೆಣ್ಮಕ್ಕಳ ಸೀಟು ಅದಾವ.”

ಹಿರಿಯರೊಬ್ಬರು ಕೆಮ್ಮಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಪರಸಪ್ಪನ ಹೆಂಡತಿ ಸೆರಗು ಬಿಗಿದುಕೊಂಡು ಹತ್ತಿದಳು. ಅವಳ ಹಿಂದೆ, ಅಂದು ಕಿವಿ ಮುಚ್ಚಿಕೊಂಡಿದ್ದವಳು ಹತ್ತಿದಳು. ಬೆಂಚು ತುಂಬಿತು. ಬಾಗಿಲು ಹಾಕಿದಾಗ ಪರಸಪ್ಪ ಹಿಂದೆ ಬಂದು ನಿಂತ. ತಾಯಿ ಅಂಗೈ ಊರಿದ್ದ ಜಾಗ ಅವನಿಗೆ ಗೊತ್ತಿತ್ತು. ಅಲ್ಲೇ ಕೈ ಇಟ್ಟ.

“ಹೋಗಿ ಬಾರಬೇ ಯವ್ವಾ” ಅಂದ. ಮೆಲ್ಲಗಲ್ಲ, ಓಣಿಗೆಲ್ಲ ಕೇಳುವ ಹಾಗೆ.

ಯಾರೂ ಅವನ ಕೈ ತೆಗೆಯಲಿಲ್ಲ. ಅವನೇ ತೆಗೆದು, ಮುಂದೆ ಹೋಗಿ ಶಕುಂತಲಕ್ಕನ ಪಕ್ಕ ಕೂತ. ನಾನು ಆ ದಿನ ಓಡಿದಷ್ಟು ಹೆಮ್ಮೆಯಿಂದ ಯಾವತ್ತೂ ಓಡಿಲ್ಲ.

ಈಗ ನಾನು ಮತ್ತೆ ದಾದಾಪೀರನ ಅಂಗಳದ ಬೇವಿನ ಮರದ ಹಿಂದೆ ಇದ್ದೇನೆ. ರಸ್ತೆಗೆ ಇಳಿಯುವ ವಯಸ್ಸು ಮೀರಿತು ಅಂತಾರೆ. ಗಾಲಿ ಬಿಚ್ಚಿದ್ದಾರೆ, ಎಂಜಿನ್ ಇಳಿಸಿದ್ದಾರೆ. ತಗಡು ಕೊಯ್ಯುವವರು ಇಂದೋ ನಾಳೆಯೋ ಬರುತ್ತಾರೆ. ಬರಲಿ. ಕೊಯ್ದು ಬಕೆಟ್ಟೇ ಮಾಡಲಿ, ಬಾಗಿಲೇ ಮಾಡಲಿ. ನನ್ನ ತಗಡು ಅಪಶಕುನ ಎಂದು ಯಾರೂ ಗುರುತು ಹಿಡಿಯಲಾರರು, ಹಿಡಿದರೂ ನನಗೇನು? ಸುಮ್ಮನೆ ಸತ್ತವರನ್ನು ಹೊತ್ತೆ, ಗಲಾಟೆ ಮಾಡುವ ಬದುಕಿದ್ದವರನ್ನೂ ಹೊತ್ತೆ. ಇಬ್ಬರನ್ನೂ ಹೊತ್ತ ಗಾಡಿ ಇನ್ನೊಂದಿದ್ದರೆ ತೋರಿಸಿ.

ನಿನ್ನೆ ಶಕುಂತಲಕ್ಕ ಬಂದಿದ್ದಳು. ಅವಳಿಗೂ ಈಗ ಕೋಲು ಬೇಕು. ನನ್ನ ಹಲಗೆಯ ಮೇಲೆ ಕೂತು ಟೀ ಕುಡಿದಳು, ಪಾಸ್ಯಾನ ಕಂಬಳಿಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಎದ್ದಳು. ಮಗ್ಗುಲಿಗೆ ಅಂಗೈಯಿಂದ ಎರಡು ಸಲ ಬಡಿದಳು.

“ಬರ್ತೀನಿ” ಅಂದಳು ನನಗೆ.

ದಾದಾಪೀರ್ ಗಾಬರಿಯಾದ. “ಅಕ್ಕಾರ, ನಾಳೆ ಅದನ್ನ ಕೊಯ್ಯೋರ್ರಿ. ಇಂಥಲ್ಲಿ ಹಂಗ ಅನ್ನಬಾರ್ದ್ರಿ.”

ಅವಳು ತಿರುಗಿ ನಿಂತಳು. “ಅಂದೆ ನೋಡು. ಏನ್ ಮಾಡ್ತಿ?”